ಐದು ದನಿಯ ಪೆಟ್ಟಿಗೆಯಿಂದ ವಾದ್ಯವೃಂದಕ್ಕೆ

1986ರ ಫೆಬ್ರವರಿಯಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ವಿಡಿಯೊ ಗೇಮನ್ನು ಹೊರತಂದಿತು. ಅದರ ಸಂಗೀತದ ಹೊಣೆಯನ್ನು ಹೊತ್ತಿದ್ದ ಕೋಜಿ ಕೊಂಡೊ ಅವರಿಗೆ ಆಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆಟದ ಮೊದಲ ಪರದೆ ತೆರೆದುಕೊಳ್ಳುವಾಗ ಫ್ರೆಂಚ್ ಸಂಗೀತಕಾರ ಮೋರಿಸ್ ರಾವೆಲನ ‘ಬೊಲೇರೊ’ ಕೇಳಿಬರಬೇಕೆಂಬುದು ಅವರ ಸಂಕಲ್ಪವಾಗಿದ್ದಿತು. ಆದರೆ ಕೆಲಸವೆಲ್ಲ ಮುಗಿಯುತ್ತ ಬಂದಾಗ, ಆ ಕೃತಿಯ ಸ್ವಾಮ್ಯದ ಅವಧಿ ಇನ್ನೂ ತೀರಿಲ್ಲವೆಂಬುದು ತಿಳಿದುಬಂದು, ಹೊಸದೊಂದು ರಾಗವನ್ನು ಕಟ್ಟುವಷ್ಟು ವ್ಯವಧಾನವಿಲ್ಲದ ಕಾರಣ, ಆಟದೊಳಗೆ ಬಳಸಿದ್ದ ತಮ್ಮದೇ ಧಾಟಿಯೊಂದನ್ನು ಕೈಗೆತ್ತಿಕೊಂಡು, ಅದರ ಗತಿಯನ್ನು ವಿಲಂಬಿಸಿ, ಪಕ್ಕದ ಸ್ವರಗಳನ್ನು ಬೇರೆಯಾಗಿ ಹೊಂದಿಸಿ, ಅವಸರದಲ್ಲಿಯೇ ಆ ಸ್ಥಾನವನ್ನು ತುಂಬಿದರು. ವಿನೋದವೆಂದರೆ, ಸಂಗೀತಕಾರ ಮುಸೋರ್ಗ್ಸ್ಕಿಯ ಪಿಯಾನೊ ಕೃತಿಯೊಂದನ್ನು 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿ ಕೀರ್ತಿಗಳಿಸಿದವನು ಇದೇ ರಾವೆಲನು.

ಕೊಂಡೊ ಅವರು ಅನಿವಾರ್ಯವಾಗಿ ಮಾಡಿದ ಈ ಕೆಲಸವನ್ನು ಇಂದು ಲೋಕದ ನಾನಾ ಮೂಲೆಗಳಲ್ಲಿ ಸಹಸ್ರಾರು ಜನರು ಕೇವಲ ಪ್ರೀತಿಯಿಂದ ಮಾಡುತ್ತಿದ್ದಾರೆ. ಹಗಲು ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ದುಡಿದು, ರಾತ್ರಿ ಊಟ ಮುಗಿಸಿ, ಹೆಡ್‌ಫೋನನ್ನು ಕಿವಿಗೇರಿಸಿ, ಬಾಲ್ಯದಲ್ಲಿ ಆಡಿದ ಯಾವುದೋ ಆಟದ ಒಂದು ನಿಮಿಷದ ರಾಗವನ್ನು ಮುಂದಿಟ್ಟುಕೊಂಡು, ಅದಕ್ಕೆ ಪಿಟೀಲಿನ ಹಿನ್ನೆಲೆಯನ್ನೋ ಜಾಜ್‌ನ ಲಯವನ್ನೋ ಕೂಡಿಸಿ ನಾಲ್ಕೈದು ನಿಮಿಷದ ಹೊಸ ರಚನೆಯನ್ನು ಕಟ್ಟುವ ಈ ಹವ್ಯಾಸಿಗಳ ಕೆಲಸವೇ ಗೇಮ್ ಸಂಗೀತದ ರೀಮಿಕ್ಸ್. ಅಮೆರಿಕದಲ್ಲಿ 1999ರಲ್ಲಿ ಡೇವಿಡ್ ಲಾಯ್ಡ್ ಎಂಬುವರು ಸ್ಥಾಪಿಸಿದ ‘ಓವರ್‌ಕ್ಲಾಕ್ಡ್ ರೀಮಿಕ್ಸ್’ ಎಂಬ ಸಂಸ್ಥೆಯು ಇಂಥ ರಚನೆಗಳನ್ನು ಸಹಸ್ರಗಟ್ಟಲೆ ಸಂಗ್ರಹಿಸಿ ಉಚಿತವಾಗಿ ಹಂಚುತ್ತಿದೆ. ಅಲ್ಲಿ ಪ್ರವೇಶ ಸುಲಭವಲ್ಲ. ಬಂದ ಪ್ರತಿಯೊಂದು ರಚನೆಯನ್ನೂ ಹವ್ಯಾಸಿಗಳಲ್ಲಿಯೇ ನುರಿತವರಾದ ತೀರ್ಪುಗಾರರು ಕೇಳಿ ಒರೆಹಚ್ಚುತ್ತಾರೆ. ಅವರು ನೋಡತಕ್ಕದ್ದು ಮುಖ್ಯವಾಗಿ ಎರಡು ಸಂಗತಿ: ಮೂಲದ ಗುರುತು ಕಿವಿಗೆ ಸಿಕ್ಕಬೇಕು, ಆದರೆ ಮೂಲದ ಪಡಿಯಚ್ಚಾಗಿರಬಾರದು. ದಾಸರ ಪದವೊಂದನ್ನು ಒಬ್ಬರು ಒಂದು ರಾಗದಲ್ಲಿಯೂ ಮತ್ತೊಬ್ಬರು ಬೇರೊಂದು ರಾಗದಲ್ಲಿಯೂ ಹಾಡುವುದನ್ನು ಕೇಳಿ ಬೆಳೆದ ನಮಗೆ ಈ ನಿಯಮದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸಾಹಿತ್ಯ ಉಳಿದು ಧಾಟಿ ಬದಲಾಗುತ್ತದೆ; ಅಲ್ಲಿ ಧಾಟಿ ಉಳಿದು ಅದರ ಪರಿವಾರವೆಲ್ಲ ಬದಲಾಗುತ್ತದೆ, ಅಷ್ಟೇ ಭೇದ.

ಆಟಕ್ಕೆಂದು ಬರೆದ ರಾಗ ಇಷ್ಟೊಂದು ಜನರನ್ನು ದಶಕಗಳವರೆಗೆ ಹಿಡಿದಿಟ್ಟುಕೊಳ್ಳಲು ಕಾರಣವೇನೆಂದು ವಿಚಾರಿಸಿದರೆ, ಉತ್ತರ ಆ ಕಾಲದ ಯಂತ್ರಗಳ ದಾರಿದ್ರ್ಯದಲ್ಲಿ ದೊರೆಯುತ್ತದೆ. ನಿಂಟೆಂಡೊ ಸಂಸ್ಥೆಯು 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದಲ್ಲಿ ಇದ್ದುದು ಐದೇ ಐದು ದನಿಗಳು: ಚೌಕಾಕಾರದ ಅಲೆಯನ್ನು ಹೊರಡಿಸುವ ಎರಡು, ತ್ರಿಕೋನಾಕಾರದ ಅಲೆಯದೊಂದು, ಕೇವಲ ‘ಸುರ್’ ಎಂಬ ಗದ್ದಲವನ್ನು ಹುಟ್ಟಿಸುವುದೊಂದು, ಮೊದಲೇ ಮುದ್ರಿಸಿಟ್ಟ ಧ್ವನಿಯ ಚೂರುಗಳನ್ನು ಒರಟೊರಟಾಗಿ ನುಡಿಸುವುದೊಂದು. ಚೌಕದ ಅಲೆಯ ಅಗಲವನ್ನು ಶೇಕಡಾ 12.5, 25, 50 ಎಂದು ಬದಲಿಸಿದರೆ ದನಿ ತೆಳ್ಳಗೋ ದಪ್ಪಗೋ ಆಗುತ್ತಿದ್ದಿತು. ತ್ರಿಕೋನದ ದನಿಗಾದರೋ ಗಟ್ಟಿ ಮೆಲು ಎಂಬ ಏರಿಳಿತವೇ ಇರಲಿಲ್ಲ. ಅದು ಒಂದೋ ನುಡಿಯುತ್ತದೆ, ಇಲ್ಲವೆ ಸುಮ್ಮನಿರುತ್ತದೆ. ಸಾಲದೆಂಬಂತೆ, ಆಟದ ಸದ್ದುಗಳೂ ಈ ದನಿಗಳನ್ನೇ ಎರವಲು ಪಡೆಯಬೇಕು. ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಮಾರಿಯೊ ನೆಗೆದಾಗಲೆಲ್ಲ ಸಂಗೀತದ ಒಂದು ದನಿ ಕ್ಷಣಕಾಲ ಮಾಯವಾಗಿ ನೆಗೆತದ ಸದ್ದಿಗೆ ಸಂದುಹೋಗುತ್ತದೆ. 1985ರ ಆ ಆಟದ ಚಿತ್ರ, ಚಲನೆ, ಸಂಗೀತ ಎಲ್ಲವೂ ಸೇರಿ 40 ಕಿಲೊಬೈಟ್‌ಗಳಲ್ಲಿ ಅಡಗಿದ್ದುವು. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಅದರ ಹತ್ತಾರು ಪಟ್ಟು ಜಾಗ ಬೇಕು.

ಅದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಮೊಡೋರ್ 64 ಎಂಬ ಗೃಹಕಂಪ್ಯೂಟರಿಗೆ ಸಂಗೀತ ಬರೆಯುತ್ತಿದ್ದ ರಾಬ್ ಹಬಾರ್ಡ್, ಮಾರ್ಟಿನ್ ಗಾಲ್ವೆ ಮೊದಲಾದವರಿಗೆ ದೊರೆತಿದ್ದುದು ಮೂರೇ ದನಿ. ಏಕಕಾಲದಲ್ಲಿ ಮೂರು ಸ್ವರಗಳನ್ನು ಮೇಳೈಸಿ ನುಡಿಸಲು ಮೂರು ದನಿಗಳನ್ನೂ ವ್ಯಯಿಸಿದರೆ ರಾಗಕ್ಕೆ ಉಳಿಯುವುದೇನು? ಅದಕ್ಕೆ ಅವರು ಹೂಡಿದ ಉಪಾಯ ಚತುರವಾದುದು: ಒಂದೇ ದನಿಯಲ್ಲಿ ಆ ಮೂರು ಸ್ವರಗಳನ್ನು ಒಂದಾದ ಮೇಲೊಂದರಂತೆ, ಸೆಕೆಂಡಿಗೆ 50 ಬಾರಿಯ ವೇಗದಲ್ಲಿ ಸುತ್ತಿಸಿ, ಕಿವಿಗೆ ಮೇಳದ ಭ್ರಮೆಯನ್ನು ಉಂಟುಮಾಡಿದರು. ವರ್ಣವೈವಿಧ್ಯವಿಲ್ಲ, ಗಟ್ಟಿ ಮೆಲುಗಳ ಸೂಕ್ಷ್ಮವಿಲ್ಲ, ವಾದ್ಯಗಳಿಲ್ಲ. ಇಂಥ ಬಡತನದಲ್ಲಿ ರಚನಕಾರನ ಕೈಯಲ್ಲಿ ಉಳಿದಿದ್ದ ಸ್ವತ್ತು ರಾಗದ ಗಟ್ಟಿತನ ಒಂದೇ. ಒಂದು ಹಂತವನ್ನು ದಾಟಲಾರದ ಬಾಲಕನು ಅದೇ ನಲವತ್ತು ಸೆಕೆಂಡುಗಳ ಸಂಗೀತವನ್ನು ಒಂದು ಮಧ್ಯಾಹ್ನದಲ್ಲಿ ನೂರು ಸಲ ಕೇಳಬೇಕಾಗಿದ್ದುದರಿಂದ, ಆ ರಾಗ ಬೇಸರ ಹುಟ್ಟಿಸದಂತಿರಬೇಕೆಂಬ ಕಟ್ಟುಪಾಡೂ ಇದ್ದಿತು. ಇಂದಿನ ಬಹುಕೋಟಿ ವೆಚ್ಚದ ಆಟಗಳಲ್ಲಿ ನೂರು ಮಂದಿಯ ವಾದ್ಯವೃಂದ ಮೊಳಗಿದರೂ ಗುನುಗುನಿಸಲು ಒಂದು ಸಾಲು ಸಿಕ್ಕದೆ ಹೋಗುವುದುಂಟು. ಹವ್ಯಾಸಿಗಳು ಮತ್ತೆ ಮತ್ತೆ ಹಳೆಯ ಆಟಗಳ ಕಡೆಗೆ ಹೊರಳುವುದು ಕೇವಲ ಬಾಲ್ಯದ ಮೋಹದಿಂದಲ್ಲವೆಂದು ನನ್ನ ಎಣಿಕೆ.

ಮೇಲೆ ಹೇಳಿದ ಜೆಲ್ಡಾದ ಧಾಟಿಯನ್ನೇ ಪರೀಕ್ಷಿಸಿ ನೋಡಬಹುದು. ಷಡ್ಜದಿಂದ ಹೊರಟು, ಮಂದ್ರ ಪಂಚಮಕ್ಕೆ ಧುಮುಕಿ, ಮರಳಿ ಷಡ್ಜವನ್ನು ಹಿಡಿದು, ಅಲ್ಲಿಂದ ಸ ರಿ ಗ ಮ ಎಂದು ಮೆಟ್ಟಿಲೇರಿ ಪಂಚಮದಲ್ಲಿ ನಿಲ್ಲುತ್ತದೆ ಮೊದಲ ಸಾಲು. ಇಲ್ಲಿಯವರೆಗೆ ಅದು ಸಂತೋಷದ ಸಂಗೀತ, ಗಾಂಧಾರ ಅಂತರಗಾಂಧಾರ. ಅನಂತರ ಪಂಚಮದಿಂದ ತಾರಷಡ್ಜಕ್ಕೆ ಏರುವಾಗ ಕೊಂಡೊ ಅವರು ಶುದ್ಧ ಧೈವತವನ್ನೂ ಕೈಶಿಕಿ ನಿಷಾದವನ್ನೂ ತರುತ್ತಾರೆ. ಕರ್ನಾಟಕ ಸಂಗೀತ ಬಲ್ಲ ಕಿವಿ ಇಲ್ಲಿ ಥಟ್ಟನೆ ಎಚ್ಚರಗೊಳ್ಳುತ್ತದೆ: ಇಪ್ಪತ್ತಾರನೆಯ ಮೇಳವಾದ ಚಾರುಕೇಶಿಯ ಸ್ವರಗಳಲ್ಲವೆ ಇವು? ಪೂರ್ವಾಂಗದಲ್ಲಿ ಉಲ್ಲಾಸ, ಉತ್ತರಾಂಗದಲ್ಲಿ ಏನೋ ಒಂದು ವಿಷಾದ. ಕತ್ತಿ ಹಿಡಿದು ಅರಿಯದ ಕಾಡಿಗೆ ಹೊರಟ ಹುಡುಗನೊಬ್ಬನ ಕಥೆಗೆ ಇದಕ್ಕಿಂತ ತಕ್ಕ ಸ್ವರಸಂಯೋಗ ಸಿಕ್ಕುವುದು ಕಷ್ಟ. ಮುಂದೆ ಅದೇ ಧಾಟಿ ಸಾಧಾರಣ ಗಾಂಧಾರವನ್ನು ಮುಟ್ಟಿ ಚಾರುಕೇಶಿಯ ಎಲ್ಲೆಯನ್ನು ದಾಟಿ ಹೋಗುತ್ತದೆ. ಕೊಂಡೊ ಅವರು ನಮ್ಮ ಮೇಳಕರ್ತ ಪದ್ಧತಿಯನ್ನು ನೋಡಿ ಬರೆದರೆಂದು ಇದರ ಅರ್ಥವಲ್ಲ. ಆದರೆ ವೀಣೆಯನ್ನೋ ಕೊಳಲನ್ನೋ ಕಲಿತ ಕನ್ನಡದ ಹವ್ಯಾಸಿಯೊಬ್ಬನು ಈ ಧಾಟಿಯನ್ನು ಎತ್ತಿಕೊಂಡರೆ ಅಮೆರಿಕದವನಿಗೆ ಹೊಳೆಯದ ದಾರಿಯೊಂದು ಅವನಿಗೆ ಮೊದಲೇ ತೆರೆದಿರುತ್ತದೆ.

ಕೆಲಸದ ಮೊದಲ ಘಟ್ಟ ಕೇಳುವುದು. ಹಳೆಯ ಆಟಗಳ ಸಂಗೀತವನ್ನು ನುಡಿಸುವುದಕ್ಕೆಂದೇ ಇರುವ ಸಾಫ್ಟ್‌ವೇರುಗಳಲ್ಲಿ ಒಂದೊಂದು ದನಿಯನ್ನೂ ಪ್ರತ್ಯೇಕವಾಗಿ ಮೌನಗೊಳಿಸುವ ಅನುಕೂಲವಿದೆ. ರಾಗದ ದನಿಯನ್ನು ಮುಚ್ಚಿ ತ್ರಿಕೋನವೊಂದನ್ನೇ ಕೇಳಿದಾಗ, ಬಾಲ್ಯದಿಂದ ಕೇಳಿದ್ದರೂ ಎಂದೂ ಗಮನಿಸದ ಮಂದ್ರದ ನಡೆಯೊಂದು ಬಯಲಿಗೆ ಬರುತ್ತದೆ. ಎರಡನೆಯ ಚೌಕದ ದನಿ ಮೊದಲನೆಯದರ ನೆರಳಿನಂತೆ ಸ್ವಲ್ಪ ಹಿಂದೆ ಬಂದು, ಪ್ರತಿಧ್ವನಿಯ ಆಭಾಸವನ್ನು ಹುಟ್ಟಿಸುತ್ತಿದ್ದುದೂ ಆಗಲೇ ಗೊತ್ತಾಗುವುದು. ಇವೆಲ್ಲವನ್ನೂ ಕಿವಿಯಿಂದಲೇ ಹಿಡಿದು ಸ್ವರಲಿಪಿಯಲ್ಲಿ ಬರೆದುಕೊಂಡವನು ಮೂಲವನ್ನು ಅರಿತನೆಂದು ಹೇಳಬಹುದು. ಬೇರೆಯವರು ಸಿದ್ಧಪಡಿಸಿದ, ಸ್ವರಗಳ ಸೂಚನೆಯನ್ನು ಹೊತ್ತ ಮಿಡಿ ಫೈಲನ್ನು ಇಳಿಸಿಕೊಂಡು, ಚೌಕದ ಅಲೆಯಿದ್ದಲ್ಲಿ ಪಿಟೀಲು, ತ್ರಿಕೋನವಿದ್ದಲ್ಲಿ ಬೇಸ್ ಗಿಟಾರು ಎಂದು ಅಂಟಿಸಿ ಮುಗಿಸುವವರೂ ಇದ್ದಾರೆ. ಅದರಿಂದ ಬರುವುದು ಹೊಸ ಅಂಗಿ ತೊಡಿಸಿದ ಹಳೆಯ ಗೊಂಬೆ. ತೀರ್ಪುಗಾರರು ಅದನ್ನು ಹಿಂದಿರುಗಿಸುವುದು ನ್ಯಾಯವೇ ಆಗಿದೆ.

ಎರಡನೆಯ ಘಟ್ಟ ರಚನೆಯನ್ನು ಕಟ್ಟುವುದು; ಇದರಲ್ಲಿಯ ಮೊದಲ ತೊಡಕು, ಆಟದ ರಾಗಕ್ಕೆ ಅಂತ್ಯವೆಂಬುದೇ ಇಲ್ಲದಿರುವುದು. ಆಟಗಾರನು ಎಷ್ಟು ಹೊತ್ತು ಅಲೆದಾಡುವನೋ ಅಷ್ಟು ಹೊತ್ತೂ ಅದು ಸುತ್ತುತ್ತಲೇ ಇರಬೇಕಾದ್ದರಿಂದ, ಕೊನೆಯ ಸ್ವರ ಮೊದಲ ಸ್ವರದ ಬಾಯಿಗೆ ಬಂದು ಸೇರುವಂತೆ ಅದನ್ನು ಹೆಣೆದಿರುತ್ತಾರೆ. ಕೇಳುವುದಕ್ಕೆಂದೇ ಕುಳಿತ ಶ್ರೋತೃವಿಗೆ ಈ ಚಕ್ರ ಸಾಲದು. ಅವನಿಗೆ ಪೀಠಿಕೆ ಬೇಕು, ಏರುವ ದಾರಿ ಬೇಕು, ಶಿಖರ ಬೇಕು, ಇಳಿದು ನಿಲ್ಲುವ ಜಾಗ ಬೇಕು. ಆದುದರಿಂದ ನಿಜವಾದ ಹವ್ಯಾಸಿಯು ಮೂಲದ ಮೂರು ನಾಲ್ಕು ಸ್ವರಗಳ ತುಣುಕನ್ನು ಮಾತ್ರ ಪೀಠಿಕೆಯಲ್ಲಿ ಸೂಚಿಸಿ, ಪೂರ್ಣ ಧಾಟಿಯನ್ನು ಒಂದು ನಿಮಿಷದವರೆಗಾದರೂ ತಡೆಹಿಡಿದು, ಬಳಿಕ ಬಿಡುಗಡೆ ಮಾಡುತ್ತಾನೆ. ನಡುವೆ ಮೂಲದಲ್ಲಿಲ್ಲದ ಭಾಗವೊಂದನ್ನು ತಾನೇ ರಚಿಸಿ ಸೇರಿಸುತ್ತಾನೆ. ಯಾವ ಶೈಲಿಗೆ ಒಗ್ಗಿಸಬೇಕೆಂಬ ಆಯ್ಕೆಯೂ ಇಲ್ಲಿಯದೇ. ವಿದ್ಯುತ್ ಗಿಟಾರಿನ ಅಬ್ಬರಕ್ಕೆ ಎಲ್ಲವನ್ನೂ ಒಗ್ಗಿಸಿಬಿಡುವ ಚಪಲ ಈ ಹವ್ಯಾಸದ ಹಳೆಯ ವ್ಯಾಧಿ. ಕಾಳಗದ ರಾಗಕ್ಕೆ ಅದು ಒಪ್ಪೀತು, ಊರಿನ ಸಂತೆಯ ರಾಗಕ್ಕೂ ಅದನ್ನೇ ಬಡಿದರೆ ಕೇಳುವವನ ಗತಿಯೇನು?

ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ಪಿಟೀಲು ಜೀವವಿಲ್ಲದಂತೆ ಕೇಳುವುದಕ್ಕೂ ಕಾರಣವುಂಟು. 1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯಲ್ಲಿ ಪ್ರತಿ ಸ್ವರವನ್ನು ಎಷ್ಟು ಬಲದಿಂದ ನುಡಿಸಬೇಕೆಂಬುದನ್ನು 127ರವರೆಗಿನ ಅಂಕಿಯಿಂದ ಸೂಚಿಸುತ್ತಾರೆ. ಹೊಸಬರು ಎಲ್ಲ ಸ್ವರಗಳಿಗೂ ನೂರೆಂಬ ಒಂದೇ ಅಂಕಿಯನ್ನು ಬಿಟ್ಟುಬಿಡುತ್ತಾರೆ. ಮನುಷ್ಯನ ಕೈ ಎಂದಿಗೂ ಹಾಗೆ ನುಡಿಸುವುದಿಲ್ಲ. ಸಾಲಿನ ಆರಂಭದಲ್ಲಿ ಎಪ್ಪತ್ತು, ಏರಿಕೆಯಲ್ಲಿ ತೊಂಬತ್ತು, ಕೊನೆಯ ಸ್ವರದಲ್ಲಿ ಅರವತ್ತು ಎಂದು ಒಂದೊಂದನ್ನೂ ಕೈಯಾರೆ ತಿದ್ದಿ, ಕೆಲವನ್ನು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಸರಿಸಿ, ಉಸಿರು ತೆಗೆದುಕೊಳ್ಳುವಷ್ಟು ಎಡೆಯನ್ನು ಕೊಳಲಿಗೆ ಬಿಟ್ಟುಕೊಟ್ಟಾಗ ಮಾತ್ರ ಯಂತ್ರದೊಳಗಿನಿಂದ ವಾದಕನೊಬ್ಬನು ಹೊರಗೆ ಬರುತ್ತಾನೆ.

ಇನ್ನು ಎಲ್ಲ ದನಿಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್, ಹವ್ಯಾಸಿಗಳಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಮೂಲದಲ್ಲಿ ಇದ್ದುದು ಐದು ದನಿ, ಈಗ ಇರುವುದು ನಲವತ್ತು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೇಳಿದರೆ ಮಧುರವಾಗಿಯೇ ಇದೆ. ಒಟ್ಟಿಗೆ ಬಿಟ್ಟರೆ ಮಬ್ಬು ಕವಿದ ಗದ್ದಲ. ಮದುವೆಮನೆಯ ಪಂಕ್ತಿಯಲ್ಲಿ ಒಂದೇ ಎಲೆಗೆ ಇಬ್ಬರನ್ನು ಕೂರಿಸಿದರೆ ಇಬ್ಬರಿಗೂ ಊಟವಾಗದೆ ಹೋಗುವಂತೆ, ಒಂದೇ ಕಂಪನಾಂಕದ ನೆರೆಯಲ್ಲಿ ಎರಡು ವಾದ್ಯಗಳು ಕೂತರೆ ಒಂದನ್ನೊಂದು ಮರೆಮಾಡಿ ಎರಡೂ ಕೇಳಿಸದಂತಾಗುತ್ತವೆ. ಮನುಷ್ಯನ ಕಿವಿಗೆ ಸಾಮಾನ್ಯವಾಗಿ ನಿಲುಕುವ ವ್ಯಾಪ್ತಿ 20ರಿಂದ 20,000 ಹರ್ಟ್ಸ್. ಅದರ ಅಡಿಯಲ್ಲಿ, ಸುಮಾರು 50ರಿಂದ 120 ಹರ್ಟ್ಸ್‌ಗಳ ನಡುವೆ, ದೊಡ್ಡ ಡ್ರಮ್ಮಿನ ಪೆಟ್ಟೂ ಬೇಸ್ ಗಿಟಾರಿನ ಮಂದ್ರವೂ ಹೊಡೆದಾಡುತ್ತವೆ. ಇವುಗಳ ವ್ಯಾಜ್ಯವನ್ನು ತೀರಿಸಲು ಈಕ್ವಲೈಜರ್ ಎಂಬ ಸಾಧನದಿಂದ ಒಂದಕ್ಕೆ 60ರ ಆಸುಪಾಸನ್ನೂ ಇನ್ನೊಂದಕ್ಕೆ 100ರ ಆಸುಪಾಸನ್ನೂ ಬಿಟ್ಟುಕೊಡಿಸಬಹುದು; ಇಲ್ಲವೆ, ಡ್ರಮ್ಮಿನ ಪೆಟ್ಟು ಬಿದ್ದ ಕ್ಷಣದಲ್ಲಿ ಬೇಸ್ ತಾನಾಗಿಯೇ ತುಸು ತಗ್ಗಿ ಮತ್ತೆ ಏಳುವಂತೆ, ದನಿಯ ಏರಿಳಿತವನ್ನು ಹಿಡಿತದಲ್ಲಿಡುವ ಕಂಪ್ರೆಸರಿಗೆ ಕಟ್ಟಳೆ ವಿಧಿಸಬಹುದು. 200ರಿಂದ 500 ಹರ್ಟ್ಸ್‌ವರೆಗಿನ ಪ್ರದೇಶದಲ್ಲಿ ಪಿಯಾನೊ, ಗಿಟಾರು, ಪಿಟೀಲಿನ ಕೆಳಸ್ವರಗಳೆಲ್ಲ ಬಂದು ತುಂಬಿಕೊಂಡು ಕೆಸರೆಬ್ಬಿಸುವುದರಿಂದ, ಅಗತ್ಯವಿಲ್ಲದವುಗಳನ್ನೆಲ್ಲ ಅಲ್ಲಿಂದ ಕತ್ತರಿಸಿ ತೆಗೆಯುವುದು ವಾಡಿಕೆ. ಕಲಿಯದವನು ಕೇಳಿಸದ ವಾದ್ಯದ ಫೇಡರನ್ನು ಮೇಲೆ ತಳ್ಳುತ್ತಾನೆ; ಕಲಿತವನು ಅದನ್ನು ಮುಚ್ಚಿರುವ ವಾದ್ಯ ಯಾವುದೆಂದು ಹುಡುಕಿ ಅದನ್ನು ಕೆಳಕ್ಕೆ ಇಳಿಸುತ್ತಾನೆ. ಮಿಕ್ಸಿಂಗ್ ವಿದ್ಯೆಯ ಮುಕ್ಕಾಲು ಪಾಲು ಈ ಒಂದು ಭೇದದಲ್ಲಿದೆ.

ಮೂಲ ಯಂತ್ರಕ್ಕೆ ಎಡ ಬಲಗಳಿರಲಿಲ್ಲ. ಎಲ್ಲ ದನಿಯೂ ಟೆಲಿವಿಷನ್ನಿನ ಒಂದೇ ಸ್ಪೀಕರಿನಿಂದ ಬರುತ್ತಿದ್ದಿತು. ಈಗ ರಾಗವನ್ನೂ ಮಂದ್ರವನ್ನೂ ನಡುವೆ ಇರಿಸಿ, ಉಳಿದವನ್ನು ಇಕ್ಕೆಲಗಳಿಗೆ ಹಂಚಬಹುದು. ಮುಂದೆ ನಿಲ್ಲಬೇಕಾದ ವಾದ್ಯಕ್ಕೆ ರಿವರ್ಬನ್ನು, ಎಂದರೆ ಅನುರಣನವನ್ನು, ಕಡಿಮೆ ಮಾಡಿ, ಹಿಂದೆ ಸರಿಯಬೇಕಾದ್ದಕ್ಕೆ ಹೆಚ್ಚಿಸಿದರೆ ಆಳವೂ ಮೂಡುತ್ತದೆ. ಎಲ್ಲಕ್ಕೂ ಸಮನಾಗಿ ರಿವರ್ಬ್ ಸುರಿದರೆ ಸಭಾಂಗಣದ ಗಾಂಭೀರ್ಯ ಬರುತ್ತದೆಂಬುದು ಭ್ರಾಂತಿ.

ಗಟ್ಟಿಯಾಗಿ ಕೇಳುತ್ತ ಮಿಕ್ಸ್ ಮಾಡುವವರಿಗೆ ಇನ್ನೊಂದು ಅಪಾಯವಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟಂತೆ, ಧ್ವನಿ ಮೆಲುವಾದಷ್ಟೂ ನಮ್ಮ ಕಿವಿ ಮಂದ್ರಸ್ವರಗಳನ್ನು ಹೆಚ್ಚು ಹೆಚ್ಚಾಗಿ ಕಳೆದುಕೊಳ್ಳುತ್ತದೆ. ರಾತ್ರಿ ಜೋರಾಗಿ ಕೇಳಿದಾಗ ತುಂಬಿ ತುಳುಕುತ್ತಿದ್ದ ಬೇಸ್ ಬೆಳಗ್ಗೆ ಮೆಲ್ಲಗೆ ಕೇಳಿದಾಗ ಎಲ್ಲಿಯೋ ಅಡಗಿರುವುದಕ್ಕೆ ಇದೇ ಕಾರಣ. ಆದುದರಿಂದ ಮೆಲುದನಿಯಲ್ಲಿಯೇ ಹೆಚ್ಚಾಗಿ ಕೆಲಸಮಾಡಿ, ಮುಗಿದ ಮೇಲೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ, ಕಾರಿನಲ್ಲಿ ಎಂದು ನಾಲ್ಕು ಕಡೆ ಕೇಳಿ ನೋಡುವುದನ್ನು ನುರಿತವರು ತಪ್ಪಿಸುವುದಿಲ್ಲ. ಒಟ್ಟು ಧ್ವನಿಯನ್ನು, ಅದು ಮಿತಿ ಮೀರದಂತೆ ತಡೆಯುವ ಲಿಮಿಟರಿಗೆ ಒತ್ತಿ ಒತ್ತಿ ಎತ್ತರಿಸುವ ಸ್ಪರ್ಧೆಗೂ ಈಗ ಅರ್ಥ ಉಳಿದಿಲ್ಲ. ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ದೊಡ್ಡ ಸೇವೆಗಳು ಎಲ್ಲ ಹಾಡುಗಳನ್ನೂ ಒಂದು ಮಟ್ಟಕ್ಕೆ ತಂದೇ ಬಿತ್ತರಿಸುವುದರಿಂದ, ಅತಿಯಾಗಿ ಒತ್ತಿದ ರಚನೆಗೆ ಉಳಿಯುವುದು ಜಜ್ಜಿದ ರೂಪ ಮಾತ್ರ.

ಕಾನೂನಿನ ವಿಷಯವಾಗಿ ಒಂದು ಮಾತು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಸಂಗೀತಕೃತಿಯ ಪುನರ್‌ಸಂಯೋಜನೆಯನ್ನು ರೂಪಾಂತರವೆಂದೇ ಎಣಿಸುತ್ತದೆ. ರೂಪಾಂತರದ ಹಕ್ಕು ಕೃತಿಸ್ವಾಮಿಯದು. ಹಣವನ್ನು ಅಪೇಕ್ಷಿಸದ ಹವ್ಯಾಸಿಗಳನ್ನು ಅನೇಕ ಸಂಸ್ಥೆಗಳು ಸಹಿಸಿಕೊಂಡು ಬಂದಿವೆಯೆಂಬುದು ನಿಜವಾದರೂ ಸಹನೆ ಬೇರೆ, ಅನುಮತಿ ಬೇರೆ. ಮಾರಾಟಕ್ಕೆ ಇಳಿಯುವವನು ಪರವಾನಗಿ ಪಡೆದೇ ಇಳಿಯಬೇಕು. ಎಲ್ಲ ರಾಗವೂ ಯಾರದೋ ಸೊತ್ತೆಂದಲ್ಲ. 1989ರಲ್ಲಿ ಗೇಮ್ ಬಾಯ್ ಯಂತ್ರದ ‘ಟೆಟ್ರಿಸ್’ ಆಟದಿಂದ ಜಗತ್ತಿಗೆಲ್ಲ ಪರಿಚಿತವಾದ ಧಾಟಿ ಹತ್ತೊಂಬತ್ತನೆಯ ಶತಮಾನದ ರಷ್ಯದ ‘ಕೊರೊಬೇನಿಕಿ’ ಎಂಬ ಹಾಡಿನದು. ಆಟದ ಪೆಟ್ಟಿಗೆಗೆ ಅದನ್ನು ಒಗ್ಗಿಸಿದವರು ಹಿರೊಕಾಜು ತನಾಕ. ಹೊಸಬರ ಕೈಪಳಗುವುದಕ್ಕೆ ಆ ಜನಪದ ಧಾಟಿಗಿಂತ ನಿರಾತಂಕವಾದುದು ಬೇರೊಂದಿಲ್ಲ.

ಈ ಹವ್ಯಾಸವನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರು ಕೆಲವು ಸಂಗತಿಗಳನ್ನು ತಿಳಿದಿರಬೇಕು. 2008ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯು ‘ಸ್ಟ್ರೀಟ್ ಫೈಟರ್’ ಆಟದ ಪುನರಾವೃತ್ತಿಯೊಂದಕ್ಕೆ ಸಂಗೀತವನ್ನು ಮಾಡಿಸಿಕೊಂಡುದು ಮೇಲೆ ಹೇಳಿದ ಓವರ್‌ಕ್ಲಾಕ್ಡ್ ರೀಮಿಕ್ಸಿನ ಹವ್ಯಾಸಿಗಳಿಂದಲೇ. ‘ಅರ್ತ್‌ಬೌಂಡ್’ ಎಂಬ ಹಳೆಯ ಆಟವನ್ನು ತಿದ್ದಿ, ಅದಕ್ಕೆ ರಾಗ ಕೂಡಿಸುತ್ತ ಕೈಪಳಗಿಸಿಕೊಂಡ ಟೋಬಿ ಫಾಕ್ಸ್ ಎಂಬ ತರುಣರು 2015ರಲ್ಲಿ ‘ಅಂಡರ್‌ಟೇಲ್’ ಎಂಬ ಆಟವನ್ನೂ ಅದರ ಸಂಗೀತವನ್ನೂ ತಾವೇ ರಚಿಸಿ ಜಗತ್ಪ್ರಸಿದ್ಧರಾದರು. ಅಂದಿನ ಆ ಹವ್ಯಾಸದ ರಾಗಗಳಲ್ಲೊಂದು ಈ ಆಟದಲ್ಲಿ ಮತ್ತೆ ಕಾಣಿಸಿಕೊಂಡಿತು. 2022ರಲ್ಲಿ ವಾದ್ಯಸಂಯೋಜನೆಗಾಗಿ ಕೊಡುವ ಗ್ರ್ಯಾಮಿ ಪ್ರಶಸ್ತಿ, ‘ಕರ್ಬಿ’ ಎಂಬ ಆಟದ ರಾಗವನ್ನು ಜಾಜ್‌ಗೆ ಅಳವಡಿಸಿದ ‘8-ಬಿಟ್ ಬಿಗ್ ಬ್ಯಾಂಡ್’ ತಂಡದ ರಚನೆಗೆ ಸಂದಿತು. ಮರುವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಕೊಂಡೊ ಅವರ ಮಾರಿಯೊ ಸಂಗೀತವನ್ನು ಸೇರಿಸಿಕೊಂಡಿತು. ವಿಡಿಯೊ ಗೇಮಿನ ಸಂಗೀತಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆತುದು ಅದೇ ಮೊದಲು.

ಆರಂಭಿಸಬಯಸುವವರು ಮೊದಲೇ ಸಾವಿರಾರು ರೂಪಾಯಿಗಳ ಕೀಬೋರ್ಡನ್ನೂ ಸ್ಪೀಕರುಗಳನ್ನೂ ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಕಂಪ್ಯೂಟರು, ಒಂದು ಸಾಧಾರಣ ಹೆಡ್‌ಫೋನು, ಹಣ ಕೊಡದೆಯೇ ದೊರೆಯುವ ಎಲ್‌ಎಮ್‌ಎಮ್‌ಎಸ್, ಆಡಾಸಿಟಿ, ಮ್ಯೂಸ್‌ಸ್ಕೋರ್‌ಗಳಂಥ ಸಾಫ್ಟ್‌ವೇರುಗಳು, ಇಷ್ಟಿದ್ದರೆ ಒಂದು ವರ್ಷದ ಕಲಿಕೆಗೆ ಧಾರಾಳವಾಗಿ ಸಾಕು. ಒಂದು ನಿಮಿಷಕ್ಕೆ ಮೀರದ ರಾಗವನ್ನು ಆರಿಸಿಕೊಳ್ಳಿ. ಕಿವಿಯಿಂದಲೇ ಹಿಡಿದು ಬರೆಯಿರಿ. ನಾಲ್ಕೇ ವಾದ್ಯಗಳಲ್ಲಿ ಅದನ್ನು ಪೂರ್ತಿ ಮುಗಿಸಿರಿ. ಆ ನಾಲ್ಕು ಸ್ಪಷ್ಟವಾಗಿ ಕೇಳಿಬಂದ ಮೇಲೆಯೇ ಐದನೆಯದರ ಯೋಚನೆ ಮಾಡಿರಿ.